ಜಗಳದ ಜೋಡಿ, ಕತ್ತಲ ಕೇಸು: ಯಾವ ಪತ್ತೇದಾರಿ ಪಿಚ್ಚರ್ ಯಾರ ಜೊತೆ ನೋಡೋದು?

ಬೀದರಿನ ಹಳೇ ಊರಲ್ಲಿ ನಮ್ಮ ಮನೆ. ಬೇಸಿಗೆಯಲ್ಲಿ ಸಂಜೆ ಏಳಾದರೂ ಗೋಡೆ ಬಿಸಿ ಇರುತ್ತದೆ. ಹಾಗಾಗಿ ಶನಿವಾರ ರಾತ್ರಿ ಮಾಳಿಗೆ ಮೇಲೆ ನೀರು ಚಿಮುಕಿಸಿ, ಚಾಪೆ ಹಾಸಿ, ಬಿಳಿ ಚಾದರ ಕಟ್ಟಿ ಪಿಚ್ಚರ್ ಹಾಕುತ್ತೇವೆ. ಸಣ್ಣದೊಂದು ಪ್ರೊಜೆಕ್ಟರ್ ಇದೆ. ಅವ್ವ, ಆಯಿ, ಕಾಕಾ, ತಮ್ಮ, ತಮ್ಮನ ಗೆಳೆಯರು, ಓಣಿಯ ಐದಾರು ಮಕ್ಕಳು, ಪಕ್ಕದ ಮನೆಯ ಚಾಚಾ, ಎಲ್ಲರೂ ಬರುತ್ತಾರೆ. ಕನ್ನಡ, ಉರ್ದು, ಮರಾಠಿ, ತೆಲುಗು ನಾಲ್ಕೂ ಆ ಮಾಳಿಗೆ ಮೇಲೆ ಓಡಾಡುತ್ತವೆ. ಏನು ಹಾಕಬೇಕು ಅಂತ ಆರಿಸುವ ಕೆಲಸ ಮಾತ್ರ ನನ್ನದು.

ನನಗೆ ತುಂಬಾ ಇಷ್ಟವಾದ ಒಂದು ಬಗೆ ಇದೆ. ಒಬ್ಬರಿಗೊಬ್ಬರು ಸೇರದ ಇಬ್ಬರು. ಅವರ ಕೈಗೆ ಒಂದು ಕೇಸು. ಮೊದಲು ಅದು ಚಿಕ್ಕದು ಅನ್ನಿಸುತ್ತದೆ. ಆಮೇಲೆ ನಿಧಾನಕ್ಕೆ ಊರಿನ ದೊಡ್ಡವರ ಮನೆ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ಕಥೆ ತುಂಬ ಕತ್ತಲು, ಮಾತು ತುಂಬ ನಗು. ಇದಕ್ಕೆ ಕನ್ನಡದಲ್ಲಿ ಬೇರೆ ಹೆಸರಿಲ್ಲ. ನಾನು ‘ಜಗಳದ ಜೋಡಿ’ ಅಂತ ಕರೆಯುತ್ತೇನೆ.

ಆದರೆ ಈ ಬಗೆಯಲ್ಲಿ ಎಲ್ಲವೂ ಎಲ್ಲರಿಗಲ್ಲ. ಅದು ತಿಳಿದಿದ್ದು ಹೋದ ಬೇಸಿಗೆಯಲ್ಲಿ. ಅವತ್ತು ‘ದಿ ನೈಸ್ ಗೈಸ್’ ಹಾಕಿದ್ದೆ. ನಾನು ಒಬ್ಬಳೇ ಎರಡು ಸಲ ನೋಡಿದ್ದೆ, ನಕ್ಕಿದ್ದಷ್ಟೇ ನೆನಪಿತ್ತು. ಶುರುವಿನ ದೃಶ್ಯ ಮರೆತೇ ಹೋಗಿತ್ತು. ರಾತ್ರಿ ಹೊತ್ತು ಒಂದು ಕಾರು ಇಳಿಜಾರಿನಲ್ಲಿ ಉರುಳಿ ಬಂದು ಒಂದು ಮನೆಯನ್ನೇ ಸೀಳಿಕೊಂಡು ಹೋಗುತ್ತದೆ. ಅದರಲ್ಲಿದ್ದ ಹೆಂಗಸು ಮೈಮೇಲೆ ಬಟ್ಟೆ ಇಲ್ಲದೆ, ಸಾಯುತ್ತಾ ಬಿದ್ದಿರುತ್ತಾಳೆ. ಅವ್ವ ತಟ್ಟನೆ ಎದ್ದು ಮಕ್ಕಳನ್ನು ಕೆಳಗೆ ಕರೆದುಕೊಂಡು ಹೋದಳು. ಆಯಿ ಸೆರಗು ಮುಖಕ್ಕೆ ಹಿಡಿದಳು. ನಾನು ಬಂದ್ ಮಾಡಿದೆ.

ಮರುದಿನ ಕಲಬುರಗಿಯಿಂದ ದೊಡ್ಡಮ್ಮನ ಮಗಳ ಫೋನು. ವಿಷಯ ಆಗಲೇ ಅಲ್ಲಿಗೆ ಮುಟ್ಟಿತ್ತು. “ಅಕ್ಕಾ, ನೀ ಹೇಳೋ ಪಿಚ್ಚರ್ ಛಲೋ ಇರ್ತಾವ. ಆದ್ರ ಯಾರ್ ಕೂಡ ಕೂತು ನೋಡ್ಬೇಕು ಅಂತನೂ ಹೇಳು” ಅಂದಳು. ಈ ಬರಹ ಅವಳಿಗೆ. ಅವಳ ಹಾಗೆ ಕೇಳುವ ಎಲ್ಲರಿಗೂ.

ಕಪ್ಪು ಯಾಕೆ ಬೇಕು

ಕಾಕಾ ಬಿದ್ರಿ ಕೆಲಸದವರು. ಚಾಚಾ ಕೂಡ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿ ಮೇಲೆ ಕಾಕಾ ಉಳಿಯಿಂದ ಬಳ್ಳಿ ಕೊರೆಯುತ್ತಾರೆ. ಆ ಗೆರೆಯೊಳಗೆ ಚಾಚಾ ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಅಲ್ಲಿಯವರೆಗೆ ಹೂಜಿ ಬೂದು ಬೂದಾಗಿರುತ್ತದೆ. ಬೆಳ್ಳಿ ಎಲ್ಲಿ ಮುಗಿಯಿತು, ಸತು ಎಲ್ಲಿ ಶುರುವಾಯಿತು ಅಂತ ಸರಿಯಾಗಿ ಕಾಣುವುದಿಲ್ಲ. ಕೊನೆಗೆ ನಮ್ಮ ಕೋಟೆಯ ಹಳೇ ಮಣ್ಣು ತಂದು, ನವಸಾಗರ ಸೇರಿಸಿ, ನೀರಲ್ಲಿ ಕಾಯಿಸಿ ಹೂಜಿಗೆ ಹಚ್ಚುತ್ತಾರೆ. ಸತು ಕಪ್ಪಾಗುತ್ತದೆ. ಬೆಳ್ಳಿಗೆ ಏನೂ ಆಗುವುದಿಲ್ಲ. ಆಗ ಬಳ್ಳಿ ಫಳ್ಳನೆ ಎದ್ದು ಕಾಣುತ್ತದೆ.

ಈ ಸಿನಿಮಾಗಳಲ್ಲಿ ನಗು ಆ ಬೆಳ್ಳಿ ತಂತಿ. ಕಪ್ಪು ಸರಿಯಾಗಿ ಹಿಡಿಯದಿದ್ದರೆ ನಗುವೂ ಬೂದು. ಸತ್ತವರ ಬಗ್ಗೆ ಯಾರಿಗೂ ದುಃಖವೇ ಇಲ್ಲ, ಕೊಲೆ ಬರೀ ಒಂದು ನೆಪ ಅನ್ನುವಂಥ ಪತ್ತೇದಾರಿ ಹಾಸ್ಯಗಳು ಬೇಕಾದಷ್ಟಿವೆ. ನೋಡುವಾಗ ನಗು ಬರುತ್ತದೆ, ಬೆಳಿಗ್ಗೆಗೆ ನೆನಪಿರುವುದಿಲ್ಲ. ಹಾಗಾಗಿ ಪಿಚ್ಚರ್ ಆರಿಸುವಾಗ ನಾನು ಮೊದಲು ನೋಡುವುದು ಜೋಕು ಎಷ್ಟಿದೆ ಅಂತಲ್ಲ, ಕಪ್ಪು ಎಷ್ಟು ಗಟ್ಟಿ ಇದೆ ಅಂತ.

ಈ ಕಪ್ಪಿಗೆ ಸಿನಿಮಾದವರು ‘ನುವಾರ್’ ಅನ್ನುತ್ತಾರೆ. ಫ್ರೆಂಚ್ ಮಾತು, ಅರ್ಥ ಕಪ್ಪು ಅಂತಲೇ. ಎರಡನೇ ಮಹಾಯುದ್ಧ ನಡೆದಷ್ಟು ಕಾಲ ಅಮೆರಿಕದ ಹೊಸ ಸಿನಿಮಾಗಳು ಫ್ರಾನ್ಸಿಗೆ ಬರಲಿಲ್ಲ. ಯುದ್ಧ ಮುಗಿದ ಮೇಲೆ ಒಟ್ಟಿಗೇ ಬಂದವು. 1946ರಲ್ಲಿ ನೀನೋ ಫ್ರಾಂಕ್ ಅನ್ನುವ ವಿಮರ್ಶಕ ಅವುಗಳಲ್ಲಿ ಕೆಲವನ್ನು ನೋಡಿ ಈ ಹೆಸರಿಟ್ಟ. ಒಂಟಿ ಪತ್ತೇದಾರ, ರಾತ್ರಿಯ ಪಟ್ಟಣ, ಕಿಟಕಿ ಪಟ್ಟಿಗಳ ನೆರಳು, ಯಾರನ್ನೂ ನಂಬಲಾಗದ ಸ್ಥಿತಿ. ಇವೆಲ್ಲ ಅದರ ಗುರುತು.

ನುವಾರ್‌ನ ಒಂಟಿ ಪತ್ತೇದಾರ ತನ್ನಷ್ಟಕ್ಕೆ ತಾನು ಮಾತಾಡಿಕೊಳ್ಳುತ್ತಾನೆ. ನಾವು ಹಿನ್ನೆಲೆಯಲ್ಲಿ ಅವನ ದನಿ ಕೇಳುತ್ತೇವೆ. ಅವನ ಪಕ್ಕಕ್ಕೆ ಅವನಿಗೆ ಹಿಡಿಸದ ಇನ್ನೊಬ್ಬನನ್ನು ತಂದು ಕೂರಿಸಿ. ಆ ಸ್ವಗತ ಜಗಳವಾಗುತ್ತದೆ. ಅವನು ಏನಂದುಕೊಂಡರೂ ಪಕ್ಕದವನು “ಅದು ಹಾಗಲ್ಲ” ಅನ್ನುತ್ತಾನೆ. ಜೋಡಿ ಪತ್ತೇದಾರಿ ಹಾಸ್ಯ ಹುಟ್ಟುವುದು ಅಲ್ಲೇ. ಇದು ಬರೀ ಮೋಜಿನ ಮಾತಲ್ಲ. ಯಾರನ್ನೂ ನಂಬದ ಮನುಷ್ಯ ಈಗ ಒಬ್ಬನಿಗಾದರೂ ಕಾರಣ ಹೇಳಬೇಕು, ಊಟ ಹಂಚಿಕೊಳ್ಳಬೇಕು, ಬೆನ್ನು ಕೊಟ್ಟು ನಿಲ್ಲಬೇಕು. ಕೇಸು ಬಿಡಿಸುವುದಕ್ಕಿಂತ ಇದು ಅವನಿಗೆ ಕಷ್ಟ. ನಾವು ಕೂತು ನೋಡುವುದು ಆ ಕಷ್ಟವನ್ನು.

ಆದ್ದರಿಂದ ಎರಡನೇ ಪ್ರಶ್ನೆ: ಇಬ್ಬರ ಜಗಳ ಯಾವುದರ ಬಗ್ಗೆ? ಸ್ವಭಾವದ ಜಗಳ ಆದರೆ ಮನೆಮಂದಿಗೆಲ್ಲ ಸರಿ. ಜಾತಿ, ಬಣ್ಣ, ಕಾನೂನಿನ ಜಗಳ ಆದರೆ ಮಾತು ಒರಟಾಗುತ್ತದೆ. ಕಳೆದುಕೊಂಡವರ ನೋವಿನ ಜಗಳ ಆದರೆ ಅದನ್ನು ಸದ್ದಿಲ್ಲದೆ ಕೂತು ನೋಡುವವರು ಬೇಕು. ಈ ಎರಡು ಪ್ರಶ್ನೆ ಕೇಳಿಕೊಂಡರೆ ಆರಿಸುವುದು ಬಹಳ ಹಗುರ.

ಒಬ್ಬನೇ ನಿರ್ದೇಶಕ, ಎರಡು ಜೋಡಿ

ಈ ಬಗೆಗೆ ಒಬ್ಬರ ಹೆಸರು ಹೇಳಲೇಬೇಕು ಅಂದರೆ ಶೇನ್ ಬ್ಲ್ಯಾಕ್. 1987ರ ‘ಲೀಥಲ್ ವೆಪನ್’ ಬರೆದವರು ಅವರು. ಹೆಂಡತಿ ಸತ್ತ ಮೇಲೆ ಬದುಕೇ ಬೇಡವಾದ ಒಬ್ಬ ಪೊಲೀಸು, ಮನೆ ತುಂಬ ಮಕ್ಕಳಿರುವ ಇನ್ನೊಬ್ಬ ಪೊಲೀಸು. ಅದರಲ್ಲಿ ಗುಂಡಿನ ಸದ್ದು ಜಾಸ್ತಿ, ಪತ್ತೇದಾರಿ ಕಡಿಮೆ. ಅವರೇ ನಿರ್ದೇಶನ ಮಾಡಿದ ಎರಡು ಪಿಚ್ಚರ್‌ಗಳ ನಡುವೆ ಆರಿಸುವುದು ನಿಜವಾದ ಕಷ್ಟ: 2005ರ ‘ಕಿಸ್ ಕಿಸ್ ಬ್ಯಾಂಗ್ ಬ್ಯಾಂಗ್’ ಮತ್ತು 2016ರ ‘ದಿ ನೈಸ್ ಗೈಸ್’.

‘ಕಿಸ್ ಕಿಸ್ ಬ್ಯಾಂಗ್ ಬ್ಯಾಂಗ್’ ಅವರ ಮೊದಲ ನಿರ್ದೇಶನ. ಹ್ಯಾರಿ ಒಬ್ಬ ಚಿಲ್ಲರೆ ಕಳ್ಳ. ಪೊಲೀಸರಿಂದ ತಪ್ಪಿಸಿಕೊಂಡು ಓಡುವಾಗ ಸಿನಿಮಾಕ್ಕೆ ನಟರನ್ನು ಆರಿಸುವ ಕೋಣೆಗೆ ನುಗ್ಗುತ್ತಾನೆ. ಆಗಷ್ಟೇ ಗೆಳೆಯನಿಗೆ ಗುಂಡು ತಗುಲಿದೆ. ಕೈಗೆ ಕೊಟ್ಟ ಮಾತು ಓದುತ್ತಾ ನಿಜವಾಗಿ ಅತ್ತುಬಿಡುತ್ತಾನೆ. ಅಲ್ಲಿದ್ದವರಿಗೆ ಅದು ಮಹಾ ಅಭಿನಯ. ಹಾಗೆ ಲಾಸ್ ಏಂಜಲೀಸ್‌ಗೆ ಬಂದವನಿಗೆ ಪತ್ತೇದಾರನ ಪಾತ್ರ ಕಲಿಸಲು ಪೆರ್ರಿ ಅನ್ನುವ ನಿಜವಾದ ಪತ್ತೇದಾರನನ್ನು ಗೊತ್ತುಮಾಡುತ್ತಾರೆ. ಹ್ಯಾರಿ ಆಗಿ ರಾಬರ್ಟ್ ಡೌನಿ ಜೂನಿಯರ್, ಪೆರ್ರಿ ಆಗಿ ವ್ಯಾಲ್ ಕಿಲ್ಮರ್. ಡೌನಿ ‘ಐರನ್ ಮ್ಯಾನ್’ ಆಗಿದ್ದು ಇದಾದ ಮೂರು ವರ್ಷಕ್ಕೆ.

ಇಲ್ಲಿ ಕಥೆ ಹೇಳುವವನು ಹ್ಯಾರಿ. ಹೇಳುತ್ತಾ ಹೇಳುತ್ತಾ ಒಂದು ಮುಖ್ಯ ವಿಷಯ ಮರೆತು, ಚಿತ್ರವನ್ನೇ ನಿಲ್ಲಿಸಿ, ಹಿಂದಕ್ಕೆ ಹೋಗಿ ಹೇಳುತ್ತಾನೆ. ಹಳೇ ನುವಾರ್‌ನ ಒಂಟಿ ದನಿಯನ್ನು ಒಬ್ಬ ಗಾಬರಿಯ ಮನುಷ್ಯನ ಬಾಯಿಗೆ ಕೊಟ್ಟಿದ್ದಾರೆ. ಅಧ್ಯಾಯಗಳಿಗೆ ಹಳೇ ಪತ್ತೇದಾರಿ ಕಾದಂಬರಿಕಾರ ರೇಮಂಡ್ ಚಾಂಡ್ಲರ್ ಅವರ ಪುಸ್ತಕ, ಕಥೆಗಳ ಹೆಸರಿವೆ. ಪೆರ್ರಿ ಸಲಿಂಗಿ. 2005ರ ಹಾಲಿವುಡ್‌ನಲ್ಲಿ ಅಂಥ ಪಾತ್ರ ಸಾಮಾನ್ಯವಾಗಿ ಮೂಲೆಯಲ್ಲಿ ನಿಂತು ನಗಿಸುತ್ತಿತ್ತು. ಇಲ್ಲಿ ಇಡೀ ಕಥೆಯಲ್ಲಿ ಬುದ್ಧಿ ನೆಟ್ಟಗಿರುವವನು ಅವನೊಬ್ಬನೇ. ಅವನ ಮೇಲೆ ಮಾಡಿದ ಕೆಲವು ಜೋಕು ಈಗ ಚುಚ್ಚುತ್ತವೆ ನಿಜ. ಪಾತ್ರ ಮಾತ್ರ ಗಟ್ಟಿಯಾಗಿ ನಿಲ್ಲುತ್ತದೆ.

ತೊಂದರೆ ವೇಗದ್ದು. ಮಾತು ಪಟಪಟ ಬೀಳುತ್ತದೆ. ಕೆಳಗಿನ ಅಕ್ಷರ ಓದುವಷ್ಟರಲ್ಲಿ ಮೂರು ಮಾತು ಮುಗಿದಿರುತ್ತದೆ. ಮಾಳಿಗೆ ಮೇಲೆ ಹತ್ತು ಜನರ ನಡುವೆ ಇದು ನಡೆಯುವುದಿಲ್ಲ. ತಮ್ಮ ಪಕ್ಕದಲ್ಲಿ ಕೂತು ಆಯಿಗೆ ಕನ್ನಡದಲ್ಲಿ ಹೇಳುತ್ತಾ ಹೋದ, ಇಪ್ಪತ್ತು ನಿಮಿಷಕ್ಕೆ ಸೋತ. ಒಬ್ಬರೇ, ಅಥವಾ ಸಿನಿಮಾ ಹುಚ್ಚಿನ ಒಬ್ಬ ಗೆಳತಿಯ ಜೊತೆ, ರಾತ್ರಿ ನೋಡುವ ಪಿಚ್ಚರ್ ಇದು. ಹಳೇ ಪತ್ತೇದಾರಿ ಕಾದಂಬರಿ ಓದಿದವರಿಗೆ ಎರಡು ಪಟ್ಟು ರುಚಿ.

‘ದಿ ನೈಸ್ ಗೈಸ್’ ನಿಧಾನ, ಅಗಲ, ಬೆಚ್ಚಗೆ. 1977ರ ಲಾಸ್ ಏಂಜಲೀಸ್. ಹಾಲೆಂಡ್ ಮಾರ್ಚ್ ಲೈಸೆನ್ಸ್ ಇರುವ ಪತ್ತೇದಾರ, ಕುಡುಕ. ಜಾಕ್ಸನ್ ಹೀಲಿಗೆ ಲೈಸೆನ್ಸ್ ಇಲ್ಲ, ಕಾಸು ಕೊಟ್ಟರೆ ಹೇಳಿದವರ ಮೂಳೆ ಮುರಿದು ಬರುತ್ತಾನೆ. ಇಬ್ಬರ ಮೊದಲ ಭೇಟಿಯಲ್ಲೇ ಹೀಲಿ ಮಾರ್ಚ್‌ನ ಕೈ ಮುರಿಯುತ್ತಾನೆ. ಮುಂದಿನ ಭೇಟಿಯಲ್ಲಿ ಕೆಲಸ ಕೊಡುತ್ತಾನೆ. ಮಾರ್ಚ್ ಆಗಿ ರಯಾನ್ ಗಾಸ್ಲಿಂಗ್, ಹೀಲಿ ಆಗಿ ರಸೆಲ್ ಕ್ರೋ. ಗಾಸ್ಲಿಂಗ್ ಇಷ್ಟು ಬೀಳುವುದು, ಕಿರುಚುವುದು, ಒದ್ದಾಡುವುದು ನಾನು ಬೇರೆ ಎಲ್ಲೂ ನೋಡಿಲ್ಲ.

ಈಗ ಅವರಿಬ್ಬರನ್ನು ಸ್ವಲ್ಪ ಹತ್ತಿರದಿಂದ ನೋಡಿ. ಮಾರ್ಚ್‌ಗೆ ವಾಸನೆ ತಿಳಿಯುವುದಿಲ್ಲ. ಮನೆಗೆ ಬೆಂಕಿ ಬಿತ್ತು, ಹೆಂಡತಿ ಹೋದಳು, ಗ್ಯಾಸಿನ ವಾಸನೆ ಅವನ ಮೂಗಿಗೆ ಬಂದಿರಲಿಲ್ಲ. ಹದಿಮೂರರ ಮಗಳು ಹಾಲಿ ಅವನ ಕಾರು ಓಡಿಸುತ್ತಾಳೆ, ಅವನ ಬದುಕನ್ನೂ ಓಡಿಸುತ್ತಾಳೆ. ಹೀಲಿ ಒಂಟಿ. ದಿನಕ್ಕೊಂದು ಹೊಸ ಪದ ಕಲಿಸುವ ಕ್ಯಾಲೆಂಡರ್ ಇಟ್ಟುಕೊಂಡು, ಒಳ್ಳೆಯ ಮನುಷ್ಯ ಆಗುವುದು ಹೇಗೆ ಅಂತ ಹುಡುಕುತ್ತಿದ್ದಾನೆ. ಒಬ್ಬನಿಗೆ ಮನೆ ಇದೆ, ಧೈರ್ಯ ಇಲ್ಲ. ಇನ್ನೊಬ್ಬನಿಗೆ ಧೈರ್ಯ ಇದೆ, ಮನೆ ಇಲ್ಲ. ಇಬ್ಬರ ನಡುವೆ ಆ ಹುಡುಗಿ ನಿಂತು “ನೀವು ಒಳ್ಳೆಯವರಾ?” ಅಂತ ಕೇಳುತ್ತಲೇ ಇರುತ್ತಾಳೆ, ಬಾಯಲ್ಲಿ ಅಲ್ಲದಿದ್ದರೂ ಕಣ್ಣಲ್ಲಿ. ನನ್ನ ಮಟ್ಟಿಗೆ ಈ ಬಗೆಯಲ್ಲಿ ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ.

ಅವತ್ತು ಮಾಳಿಗೆ ಮೇಲೆ ನಾನು ಬಂದ್ ಮಾಡಿದ ಆ ಮೊದಲ ದೃಶ್ಯಕ್ಕೆ ಮತ್ತೆ ಬರುತ್ತೇನೆ. ಆಮೇಲೆ ಒಬ್ಬಳೇ ಕೂತು ಪೂರ್ತಿ ನೋಡಿದೆ. ಕಾರು ಬಿದ್ದ ಜಾಗಕ್ಕೆ ಓಡಿ ಬರುವವನು ಆ ಮನೆಯ ಪುಟ್ಟ ಹುಡುಗ. ಅವನು ಆ ಹೆಂಗಸಿನ ಫೋಟೋವನ್ನು ಕದ್ದು ನೋಡುತ್ತಿದ್ದವನೇ. ಈಗ ಅವಳು ಎದುರಿಗೇ ಸಾಯುತ್ತಿದ್ದಾಳೆ. ಹುಡುಗ ತನ್ನ ಅಂಗಿ ಬಿಚ್ಚಿ ಅವಳ ಮೈ ಮುಚ್ಚುತ್ತಾನೆ. ಇಡೀ ಸಿನಿಮಾ ಆ ಅಂಗಿಯಲ್ಲಿದೆ. ಕಪ್ಪೂ ಇದೆ, ಬೆಳ್ಳಿಯೂ ಇದೆ. ಅಂದಮಾತ್ರಕ್ಕೆ ಮಕ್ಕಳಿಗೆ ತೋರಿಸಿ ಅಂತಲ್ಲ. ಬೆತ್ತಲೆ, ಬೈಗುಳ, ರಕ್ತ ಮೂರೂ ಇವೆ. ದೊಡ್ಡವರು, ಅದೂ ಒಬ್ಬರಿಗೊಬ್ಬರು ಮುಜುಗರ ಇಲ್ಲದವರು, ಕೂತು ನೋಡಬೇಕು. ಅವಧಿ 116 ನಿಮಿಷ.

ಎರಡರಲ್ಲಿ ಒಂದೇ ನೋಡುತ್ತೀನಿ ಅಂದರೆ ‘ನೈಸ್ ಗೈಸ್’. ಮಾತಿನ ಚಮತ್ಕಾರವೇ ಬೇಕು ಅಂದರೆ ಇನ್ನೊಂದು.

ಮಕ್ಕಳಿದ್ದ ಮನೆಗೆ: ಎರಡು ಮೊಲ

ಮಕ್ಕಳಿಗೆ ಕಪ್ಪು ಕಥೆ ಬೇಡ ಅಂತ ಬಹಳ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅಳತೆ ತಿಳಿದಿರಬೇಕು ಅಷ್ಟೇ.

1988ರ ‘ಹೂ ಫ್ರೇಮ್ಡ್ ರಾಜರ್ ರ‍್ಯಾಬಿಟ್’ನಲ್ಲಿ ಜೋಡಿಯ ಒಬ್ಬ ಮನುಷ್ಯ, ಇನ್ನೊಬ್ಬ ಕಾರ್ಟೂನ್ ಮೊಲ. ಇದಕ್ಕಿಂತ ಸೇರದ ಜೋಡಿ ಇನ್ನೆಲ್ಲಿ ಸಿಕ್ಕೀತು ಹೇಳಿ. ನಿರ್ದೇಶಕ ರಾಬರ್ಟ್ ಝೆಮೆಕಿಸ್. ಕಥೆ ನಡೆಯುವುದು 1947ರಲ್ಲಿ. ಪತ್ತೇದಾರ ಎಡ್ಡಿಗೆ ಕಾರ್ಟೂನ್‌ಗಳು ಅಂದರೆ ಆಗುವುದಿಲ್ಲ. ಅವನ ತಮ್ಮನನ್ನು ಕೊಂದಿದ್ದು ಒಬ್ಬ ಕಾರ್ಟೂನ್, ತಲೆ ಮೇಲೆ ಪಿಯಾನೋ ಬೀಳಿಸಿ. ಕೇಳಲು ತಮಾಷೆ. ಕಾರ್ಟೂನಿನಲ್ಲಿ ದಿನಾ ಬೀಳುವ ಪಿಯಾನೋ ತಾನೇ? ಆದರೆ ಎಡ್ಡಿಯ ತಮ್ಮ ಮತ್ತೆ ಎದ್ದು ಬರಲಿಲ್ಲ. ಅಂಥ ಮನುಷ್ಯನ ಕೈಗೆ, ಸದಾ ನಗಿಸುವುದೊಂದೇ ಗೊತ್ತಿರುವ ಮೊಲದ ಪ್ರಾಣ ಉಳಿಸುವ ಕೆಲಸ ಬರುತ್ತದೆ. ನಗುವುದನ್ನೇ ಬಿಟ್ಟವನಿಗೂ ನಗಿಸದೆ ಇರಲಾಗದವನಿಗೂ ಜಗಳ. ಎಡ್ಡಿ ಆಗಿರುವ ಬಾಬ್ ಹಾಸ್ಕಿನ್ಸ್ ಅಷ್ಟೂ ದೃಶ್ಯದಲ್ಲಿ ಎದುರಿಗೆ ಮೊಲವೇ ಇಲ್ಲದೆ ನಟಿಸಿದ್ದಾರೆ. ಮೊಲವನ್ನು ಕಲಾವಿದರು ಆಮೇಲೆ ಕೈಯಿಂದ ಬರೆದು ಸೇರಿಸಿದರು. ರಿಚರ್ಡ್ ವಿಲಿಯಮ್ಸ್ ಅವರಿಗೆ ಆ ಕೆಲಸಕ್ಕೆ ವಿಶೇಷ ಆಸ್ಕರ್ ಬಂತು. ಮಿಕ್ಕಿ ಮೌಸ್ ಮತ್ತು ಬಗ್ಸ್ ಬನ್ನಿ, ಎರಡು ಬೇರೆ ಕಂಪನಿಗಳ ಪಾತ್ರಗಳು, ಒಂದೇ ದೃಶ್ಯದಲ್ಲಿ ಬರುವುದು ಇದರಲ್ಲೇ.

2016ರ ‘ಝೂಟೋಪಿಯಾ’ದಲ್ಲಿ ಮೊಲವೇ ಪೊಲೀಸು. ಜೂಡಿ ಆ ನಗರದ ಮೊದಲ ಮೊಲ ಪೊಲೀಸ್. ಅವಳಿಗೆ ಕೊಡುವುದು ಗಾಡಿಗಳಿಗೆ ದಂಡದ ಚೀಟಿ ಅಂಟಿಸುವ ಕೆಲಸ. ಕಾಣೆಯಾದ ನೀರುನಾಯಿಯನ್ನು 48 ಗಂಟೆಯಲ್ಲಿ ಹುಡುಕಿ ತರುತ್ತೇನೆ ಅಂತ ಹಟ ಹಿಡಿದು, ನಿಕ್ ಅನ್ನುವ ವಂಚಕ ನರಿಯನ್ನು ಹೆದರಿಸಿ ಜೊತೆಗೆ ಕರೆದುಕೊಳ್ಳುತ್ತಾಳೆ. ಮೊಲಕ್ಕೆ ನರಿಯ ಭಯ ಹುಟ್ಟಿನಿಂದ ಬಂದದ್ದು. ತನ್ನಲ್ಲಿ ಆ ಭಯ ಇಲ್ಲ ಅಂದುಕೊಂಡ ಜೂಡಿ ಒಂದು ದಿನ ಎಲ್ಲರ ಮುಂದೆ ಆಡಬಾರದ ಮಾತು ಆಡಿಬಿಡುತ್ತಾಳೆ. ಆ ಕ್ಷಣ ನಿಕ್‌ನ ಮುಖ ನೋಡಿ. ಓಣಿಯ ಮಕ್ಕಳೆಲ್ಲ ಗಪ್ಪಾಗಿ ಕೂತಿದ್ದರು. ‘ಅವರ ಜನ ಹಾಗೇ’ ಅನ್ನುವ ಮಾತು ನಮ್ಮ ಮಕ್ಕಳ ಕಿವಿಗೂ ಬೀಳದ ಮಾತಲ್ಲವಲ್ಲ.

ಆರಿಸುವುದು ಹೇಗೆ? ಆರೇಳು ವರ್ಷದ ಮಕ್ಕಳಿದ್ದರೆ ‘ಝೂಟೋಪಿಯಾ’. ಹತ್ತು ದಾಟಿದ್ದರೆ ‘ರಾಜರ್ ರ‍್ಯಾಬಿಟ್’. ಅದರಲ್ಲಿ ನ್ಯಾಯಾಧೀಶನೊಬ್ಬ ಅಳುತ್ತಿರುವ ಪುಟ್ಟ ಕಾರ್ಟೂನ್ ಬೂಟನ್ನು ರಾಸಾಯನಿಕ ದ್ರವದಲ್ಲಿ ಅದ್ದಿ ಕರಗಿಸುವ ದೃಶ್ಯ ಇದೆ. ಸಣ್ಣವರು ರಾತ್ರಿ ಎದ್ದು ಅಳುತ್ತಾರೆ. ಕಪ್ಪಿನ ಲೆಕ್ಕದಲ್ಲಿ ‘ರಾಜರ್ ರ‍್ಯಾಬಿಟ್’ ಹೆಚ್ಚು ಗಟ್ಟಿ. ಜೋಡಿಯ ಲೆಕ್ಕದಲ್ಲಿ ಜೂಡಿ, ನಿಕ್ ಹೆಚ್ಚು ಹತ್ತಿರದವರು. ದೊಡ್ಡವಳಾದ ನನಗೆ ಈಗಲೂ ಹೆಚ್ಚು ಕಾಡುವುದು ಎಡ್ಡಿ.

ಇಲ್ಲಿ ಇನ್ನೊಂದು ವಿಷಯ ಹೇಳಬೇಕು. ಇದನ್ನು ಗಮನಿಸಿದ ಮೇಲೆ ನಾನು ಈ ಪಿಚ್ಚರ್‌ಗಳನ್ನು ನೋಡುವ ರೀತಿಯೇ ಬದಲಾಯಿತು. ನುವಾರ್‌ನಲ್ಲಿ ಕೊಲೆ ಮೇಲಿನ ಪದರ. ಅಗೆದು ನೋಡಿದರೆ ಕೆಳಗೆ ಕಳುವಾಗಿರುವುದು ಊರಿನ ಸೊತ್ತು. 1974ರ ‘ಚೈನಾಟೌನ್’ನಲ್ಲಿ ಊರಿನ ನೀರು. ‘ರಾಜರ್ ರ‍್ಯಾಬಿಟ್’ನಲ್ಲಿ ಊರಿನ ಜನ ಓಡಾಡುವ ಕೆಂಪು ಟ್ರ್ಯಾಮ್. ‘ನೈಸ್ ಗೈಸ್’ನಲ್ಲಿ ಊರಿನ ಗಾಳಿ, ಕಾರಿನ ಹೊಗೆ ಕಡಿಮೆ ಮಾಡುವ ಸಾಧನವನ್ನು ತಡೆಯಲು ಕಾರು ಕಂಪನಿಗಳು ಮಾಡುವ ಮಸಲತ್ತು. ಮೂರೂ ಲಾಸ್ ಏಂಜಲೀಸಿನ ಕಥೆಗಳೇ. ನಮ್ಮ ನೌಬಾದಿನ ಕರೇಜ್ ನೋಡಿದವರಿಗೆ ಈ ಮಾತು ಬೇಗ ತಟ್ಟುತ್ತದೆ. ಬಹಮನಿಗಳ ಕಾಲದಲ್ಲಿ ನೆಲದೊಳಗೆ ಸುರಂಗ ಕೊರೆದು ಊರಿಗೆಲ್ಲ ನೀರು ಹರಿಸಿದರು. ನೀರು ಎಲ್ಲಿಂದ ಬರುತ್ತದೆ, ಯಾರ ಕೈಯಲ್ಲಿದೆ ಅನ್ನುವುದು ನಮ್ಮಂಥ ಬಿಸಿಲೂರಿನವರಿಗೆ ಕಥೆ ಅಲ್ಲ, ದಿನದ ಮಾತು. ಇಂಥ ಕಳ್ಳತನವನ್ನು ಒಬ್ಬ ಪತ್ತೇದಾರ ಪೂರ್ತಿ ತಡೆಯಲಾರ. ಇಬ್ಬರಿದ್ದರೂ ಅಷ್ಟೇ. ಆದರೆ ಸೋತ ರಾತ್ರಿ ಪಕ್ಕದಲ್ಲಿ ಒಬ್ಬ ಕೂತಿರುತ್ತಾನೆ.

ಹಳೆಯವು ಎರಡು, ಬೇಗ ಹೇಳುತ್ತೇನೆ

1934ರ ‘ದಿ ಥಿನ್ ಮ್ಯಾನ್’ ಗಂಡ ಹೆಂಡತಿಯ ಜೋಡಿ. ನಿಕ್ ಕೆಲಸ ಬಿಟ್ಟ ಪತ್ತೇದಾರ, ನೋರಾ ಶ್ರೀಮಂತರ ಮನೆ ಮಗಳು. ಕಥೆ ಡಶೀಲ್ ಹ್ಯಾಮೆಟ್ ಅವರ ಕಾದಂಬರಿಯದು. ಅವರು ಸ್ವತಃ ಪಿಂಕರ್ಟನ್ ಅನ್ನುವ ಪತ್ತೇದಾರಿ ಸಂಸ್ಥೆಯಲ್ಲಿ ದುಡಿದವರು. ಜಗಳ ಅಂದರೆ ಇಲ್ಲಿ ಬರೀ ಕೀಟಲೆ. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಪ್ರಾಣ. ಕಪ್ಪು ತೆಳು. ಎಲ್ಲ ಶಂಕಿತರನ್ನೂ ಊಟಕ್ಕೆ ಕರೆದು ಕೂರಿಸಿ ಕೇಸು ಬಿಡಿಸುವ ಕೊನೆ ಇಂದಿಗೂ ಚಂದ. ಒಂದೂವರೆ ಗಂಟೆಯ ಕಪ್ಪು ಬಿಳುಪು ಚಿತ್ರ. ಕುಡಿತ ಮಾತ್ರ ವಿಪರೀತ.

1982ರ ‘48 ಅವರ್ಸ್’ ಒರಟು. ಒಬ್ಬ ಪೊಲೀಸು, ಎರಡು ದಿನದ ಮಟ್ಟಿಗೆ ಜೈಲಿನಿಂದ ಬಿಡಿಸಿ ತಂದ ಒಬ್ಬ ಕೈದಿ. ಎಡ್ಡಿ ಮರ್ಫಿಯ ಮೊದಲ ಸಿನಿಮಾ. ಬಿಳಿಯ ಪೊಲೀಸು ಕಪ್ಪು ಕೈದಿಗೆ ಬೈಯುವ ಬೈಗುಳ ಕೇಳಲು ಕಷ್ಟ. ಮುಂದೆ ಬಂದ ಎಷ್ಟೋ ಜೋಡಿಗಳಿಗೆ ದಾರಿ ಮಾಡಿದ್ದು ಇದು ಅಂತ ಗೊತ್ತಿರಲಿ. ಕುಟುಂಬದ ಜೊತೆ ಬೇಡ.

ನಮ್ಮವು

ಕಾಕಾ ಹುಡುಗನಾಗಿದ್ದಾಗ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕಾದಂಬರಿಗಳನ್ನು ಕದ್ದು ಓದಿದವರು. “ನಮ್ಮಲ್ಲಿ ಇಲ್ಲೇನು ಇಂಥವು?” ಅಂತ ಅವರು ಕೇಳಿದ್ದಕ್ಕೆ ಹುಡುಕಿದೆ. 2019 ಒಂದೇ ವರ್ಷದಲ್ಲಿ ಸಾಲಾಗಿ ಸಿಕ್ಕವು.

‘ಬೆಲ್ ಬಾಟಂ’ ಎಲ್ಲರಿಗೂ ಆಗುವ ಪಿಚ್ಚರ್. ಜಯತೀರ್ಥ ನಿರ್ದೇಶನ, ರಿಷಬ್ ಶೆಟ್ಟಿ ಪತ್ತೇದಾರ ದಿವಾಕರ. ಪತ್ತೇದಾರ ಆಗುವ ಕನಸು ಹೊತ್ತ ಪೊಲೀಸ್ ಪೇದೆ, 80ರ ದಶಕ, ಪೊಲೀಸ್ ಠಾಣೆಯಲ್ಲೇ ಕಳ್ಳತನ. ಆಯಿ ನಕ್ಕಳು, ಮಕ್ಕಳು ನಕ್ಕರು. ಬಣ್ಣ ಬಣ್ಣ, ಕಪ್ಪು ಇಲ್ಲ. ಜೋಡಿಯೂ ಸಡಿಲ. ‘ಅವನೇ ಶ್ರೀಮನ್ನಾರಾಯಣ’ದಲ್ಲಿ ರಕ್ಷಿತ್ ಶೆಟ್ಟಿ ಮತ್ತು ಅಚ್ಯುತ್ ಕುಮಾರ್ ಅವರ ಇನ್ಸ್‌ಪೆಕ್ಟರ್, ಕಾನ್‌ಸ್ಟೇಬಲ್ ಜೋಡಿ ಚಂದ ಇದೆ. ಆದರೆ ಮೂರು ಗಂಟೆ ದಾಟುತ್ತದೆ. ತಮ್ಮನ ಗೆಳೆಯರಿಗೆ ಬಿಟ್ಟೆ.

ತೆಲುಗಿನ ‘ಏಜೆಂಟ್ ಸಾಯಿ ಶ್ರೀನಿವಾಸ ಆತ್ರೇಯ’ ನಮ್ಮ ಕಡೆಯವರಿಗೆ ಹೇಳಿ ಮಾಡಿಸಿದಂತಿದೆ. ತೆಲಂಗಾಣ ಇಲ್ಲೇ ಪಕ್ಕದಲ್ಲಿ, ಭಾಷೆ ಅರ್ಧ ಜನಕ್ಕೆ ಬರುತ್ತದೆ. ನೆಲ್ಲೂರಿನಲ್ಲಿ ಚಿಕ್ಕ ಪತ್ತೇದಾರಿ ಅಂಗಡಿ ಇಟ್ಟುಕೊಂಡ ಹುಡುಗ, ಕೆಲಸ ಕಲಿಯಲು ಬಂದ ಹುಡುಗಿ. ನವೀನ್ ಪೋಲಿಶೆಟ್ಟಿಯ ಬಾಯಿ ನಿಲ್ಲುವುದೇ ಇಲ್ಲ. ಮೊದಲ ಅರ್ಧ ಗಂಟೆ ಸುಮ್ನೆ ನಗಿಸುತ್ತಾರೆ. ಆಮೇಲೆ ರೈಲು ಹಳಿ ಪಕ್ಕ ಸಿಗುವ ಗುರುತಿಲ್ಲದ ಹೆಣಗಳ ಕಥೆ ಬಿಚ್ಚಿಕೊಳ್ಳುತ್ತದೆ. ತಾಯಿಯ ಸಾವಿನ ಎಳೆ ಅದಕ್ಕೆ ಸೇರುತ್ತದೆ. ಹೂಜಿ ಕಣ್ಣೆದುರಿಗೇ ಕಪ್ಪಾದ ಹಾಗೆ ಆಗುತ್ತದೆ. ಈ ಇಬ್ಬರಲ್ಲಿ ದೊಡ್ಡ ಜಗಳ ಇಲ್ಲ ಅನ್ನುವುದೊಂದೇ ನನಗೆ ಕಂಡ ಕೊರತೆ. ಕಾಲೇಜು ಹುಡುಗರ ಗುಂಪಿಗೆ ಮೊದಲು ಇದನ್ನೇ ಹೇಳುತ್ತೇನೆ.

ಕಪ್ಪಿನ ಲೆಕ್ಕಕ್ಕೆ ಬಂದರೆ ಕನ್ನಡದಲ್ಲಿ ‘ಕವಲುದಾರಿ’. ಇದು ಹಾಸ್ಯ ಅಲ್ಲ, ಮೊದಲೇ ಹೇಳುತ್ತೇನೆ. ಆದರೂ ಈ ಪಟ್ಟಿಯಿಂದ ಬಿಡಲು ನನಗೆ ಮನಸ್ಸಿಲ್ಲ. ಹೇಮಂತ್ ರಾವ್ ನಿರ್ದೇಶನ. ನೆಲ ಅಗೆಯುವಾಗ ಮನುಷ್ಯರ ಎಲುಬು ಸಿಗುತ್ತವೆ. ಕ್ರೈಂ ವಿಭಾಗಕ್ಕೆ ಹೋಗಲು ಹಂಬಲಿಸುವ ಟ್ರಾಫಿಕ್ ಪೊಲೀಸ್ ಶ್ಯಾಮ್‌ಗೆ ಅದು ಹತ್ತಿಕೊಳ್ಳುತ್ತದೆ. ಕೇಸು ನಲವತ್ತು ವರ್ಷ ಹಳೆಯದು. ಅದನ್ನು ಆಗ ಹಿಡಿದು ಸೋತ ಮುತ್ತಣ್ಣ ಈಗ ನಿವೃತ್ತಿಯಾಗಿ, ಕುಡಿದು, ಬಾಗಿಲು ಹಾಕಿಕೊಂಡು ಕೂತಿದ್ದಾರೆ. ಆ ಪಾತ್ರ ಅನಂತ್ ನಾಗ್ ಅವರದು. ಹುಡುಗನಿಗೆ ಅವಸರ, ಮುದುಕನಿಗೆ ಯಾವುದೂ ಬೇಡ. ಈ ಇಬ್ಬರ ನಡುವಿನ ಗುದ್ದಾಟದಲ್ಲಿ ಅಲ್ಲಲ್ಲಿ ಒಂದು ಒಣ ನಗು ಮೂಡುತ್ತದೆ. ಜಾಸ್ತಿ ಇಲ್ಲ, ಒಂದೆರಡು ಎಳೆ ತಂತಿ.

ಅದನ್ನು ಹಾಕಿದ ರಾತ್ರಿ ಮಕ್ಕಳನ್ನು ಕರೆಯಲಿಲ್ಲ. ಮುಗಿದ ಮೇಲೆ ಕಾಕಾ, ಚಾಚಾ ಇಬ್ಬರೂ ಏಳಲಿಲ್ಲ. ಅವರಿಬ್ಬರೂ ಮೂವತ್ತು ವರ್ಷದಿಂದ ಒಂದೇ ಕೋಣೆಯಲ್ಲಿ ಕೆಲಸ ಮಾಡುತ್ತಾರೆ, ದಿನಾ ಜಗಳ ಆಡುತ್ತಾರೆ. ಗೆರೆ ಆಳ ಆಯಿತು ಅಂತ ಇವರು, ತಂತಿ ದಪ್ಪ ಆಯಿತು ಅಂತ ಅವರು. ಚಾಚಾ ಮೆಲ್ಲಗೆ ಅಂದರು, “ಆ ಮುತ್ತಣ್ಣಗ ಮೊದ್ಲೇ ಒಬ್ಬ ಸಾಥಿ ಇದ್ದಿದ್ರ, ನಲವತ್ತು ವರ್ಷ ಹಾಳಾಗ್ತಿರ್ಲಿಲ್ಲ.” ಕಾಕಾ ಒಪ್ಪಲಿಲ್ಲ. “ಹಂಗಲ್ರೀ ಭಾಯ್” ಅಂತ ಶುರು ಮಾಡಿದರು. ನಾನು ಚಾದರ ಬಿಚ್ಚಿ ಮಡಚುವಷ್ಟು ಹೊತ್ತೂ ವಾದ ನಡೆದೇ ಇತ್ತು.

ಎಲ್ಲಿ ಸಿಗುತ್ತವೆ ಅಂತ ನೀವೇ ಹುಡುಕಿಕೊಳ್ಳಬೇಕು. ಇವತ್ತು ಒಂದು ಆ್ಯಪ್‌ನಲ್ಲಿದ್ದದ್ದು ಮುಂದಿನ ತಿಂಗಳು ಇನ್ನೊಂದರಲ್ಲಿರುತ್ತದೆ. ಹಿಂದಿ ದನಿ ಇದೆಯಾ, ಕೆಳಗೆ ಅಕ್ಷರ ಇದೆಯಾ ಅಂತ ಶುರು ಮಾಡುವ ಮುಂಚೆಯೇ ನೋಡಿಕೊಳ್ಳಿ. ಹಿರಿಯರನ್ನು ಕೂರಿಸಿಕೊಂಡು ಹುಡುಕಬೇಡಿ. ಹೊಸ ಪಿಚ್ಚರ್ ಆದರೆ ಮೊದಲ ಹತ್ತು ನಿಮಿಷ ಒಬ್ಬರೇ ನೋಡಿ ಇಟ್ಟುಕೊಳ್ಳಿ. ಈಗ ನಾನು ತಪ್ಪದೆ ಹಾಗೆ ಮಾಡುತ್ತೇನೆ.

ಇನ್ನು ಕಲಬುರಗಿಯ ತಂಗಿಗೆ. ನಿನ್ನ ಮಕ್ಕಳಿಬ್ಬರೂ ಇನ್ನೂ ಸಣ್ಣವರು, ‘ಝೂಟೋಪಿಯಾ’ದಿಂದ ಶುರು ಮಾಡು. ಅತ್ತೆ ಮಾವ ಬಂದಾಗ ‘ಬೆಲ್ ಬಾಟಂ’. ಮಕ್ಕಳು ಮಲಗಿ, ಮನೆಯಲ್ಲಿ ನೀವಿಬ್ಬರೇ ಎಚ್ಚರ ಇರುವ ರಾತ್ರಿ ‘ದಿ ನೈಸ್ ಗೈಸ್’ ಹಾಕು. ಕಾರು ಬಿದ್ದ ಕೂಡಲೇ ಬಂದ್ ಮಾಡಬೇಡ. ಆ ಹುಡುಗ ಅಂಗಿ ಬಿಚ್ಚುವವರೆಗೆ ಕೂತಿರು.